ಅತ್ತೆಗೆ ಕಾಣುವಷ್ಟು ದಪ್ಪ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಮನೆ, ಮಳಿಗೆ, ನೀರಿನ ತೊಟ್ಟಿಗಳ ನಕ್ಷೆ ಬಿಡಿಸುವುದು ಅವಳ ಕೆಲಸ. ಅವಳು ಸೇರಿದ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ. ಓರೆಯಾಗಿ ನಿಲ್ಲಿಸಿದ ದೊಡ್ಡ ಮೇಜು, ಟ್ರೇಸಿಂಗ್ ಪೇಪರು, ಒಂದೊಂದು ದಪ್ಪಕ್ಕೆ ಒಂದೊಂದು ಇಂಕ್ ಪೆನ್ನು. ಗೋಡೆಗೆ ದಪ್ಪ ಗೆರೆ, ಬಾಗಿಲು ಕಿಟಕಿಗೆ ನಡುವಿನದು, ನೆಲದ ಹಾಸುಗಲ್ಲಿಗೆ ಕೂದಲೆಳೆಯಂಥದ್ದು. ತೆಳು ಪೆನ್ನು ಎಳೆಯುವಾಗ ಉಸಿರು ಬಿಗಿಹಿಡಿಯಬೇಕಿತ್ತು. ಸಂಜೆ ಮನೆಗೆ ನಡೆಯುವಾಗ ಬೀದಿಯೂ ಹಾಗೇ ಕಾಣುತ್ತಿತ್ತು: ಹತ್ತಿರದ ಕಂಬ ದಪ್ಪ, ಆಚೆಯ ಛಾವಣಿ ತೆಳು, ಅದರಾಚೆಯ ಗುಡ್ಡ ಎಳೆದೂ ಎಳೆಯದಂತೆ.

ಕಂಪ್ಯೂಟರ್ ಬಂದಾಗ ಅವಳಿಗೆ ಮೊದಲು ಹಿಡಿಸಲಿಲ್ಲ. ಕಪ್ಪು ಪರದೆಯ ಮೇಲೆ ಗೆರೆಗಳಿಗೆ ಬಣ್ಣ ಬೇರೆ ಬೇರೆ, ದಪ್ಪ ಮಾತ್ರ ಒಂದೇ.

"ಇದೇನ್ ಸಾರ್, ಗೋಡೆನೂ ಕಿಟಕಿ ಬಟ್ಟೆನೂ ಒಂದೇ ಥರ ಇದೆಯಲ್ಲ?" ಎಂದು ಕಲಿಸಲು ಬಂದವನನ್ನು ಕೇಳಿದಳು.

"ದಪ್ಪ ಒಳಗೆ ಇದೆ ಮೇಡಂ. ತೋರಿಸ್ತಿಲ್ಲ ಅಷ್ಟೆ," ಎಂದ ಅವನು, ಪರದೆಯ ಅಡಿಯಲ್ಲಿದ್ದ ಪುಟ್ಟ ಗುರುತೊಂದನ್ನು ಒತ್ತಿದ.

ನಕ್ಷೆ ಮೈದುಂಬಿಕೊಂಡಿತು. ಗೋಡೆಗಳು ಮುಂದೆ ಬಂದು ನಿಂತವು, ಉಳಿದದ್ದೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಿತು. ಅಂದಿನಿಂದ ಅವಳಿಗೂ ಆ ಯಂತ್ರಕ್ಕೂ ಮಾತುಕತೆ ಶುರುವಾಯಿತು.

ಮನೆಯಲ್ಲಿ ಅವಳು, ಬಸ್ ಓಡಿಸುವ ಗಂಡ ಮತ್ತು ಅತ್ತೆ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಒಂದು ಕಾಲಕ್ಕೆ ಹೊಲಿಗೆಯಲ್ಲಿ ಎತ್ತಿದ ಕೈ. ಅಳತೆಪಟ್ಟಿ ಬೇಡ, ಹೆಗಲು ಮುಟ್ಟಿ ನೋಡಿ ಬಟ್ಟೆ ಕತ್ತರಿಸುತ್ತಿದ್ದವರು. ಅರವತ್ತು ದಾಟಿದ ಮೇಲೆ ಅವರ ನೋಟದ ನಡುಭಾಗ ಅಳಿಸಿಹೋಗತೊಡಗಿತು. ಎದುರಿಗೆ ಕೂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೋದದ್ದು ವಾಪಸ್ಸು ಬರುವುದಿಲ್ಲ, ಅಂಚು ಉಳಿದರೂ ಉಳಿಯಬಹುದು ಎಂದರು ಕಣ್ಣಿನ ಡಾಕ್ಟರು. ಅತ್ತೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ಅಂಚಿನಿಂದಲೇ ನೋಡುವುದನ್ನು ಕಲಿತರು. ಸೊಸೆಯ ಮುಖ ನೋಡಬೇಕೆನಿಸಿದಾಗ ಅವಳ ಪಕ್ಕದ ಗೋಡೆಯನ್ನು ದಿಟ್ಟಿಸುತ್ತಿದ್ದರು.

ಅದೇ ಸಮಯಕ್ಕೆ ಅವರಿದ್ದ ಹಳೇ ಕಟ್ಟಡವನ್ನು ಕೆಡವುವುದೆಂದು ತೀರ್ಮಾನವಾಯಿತು. ಎರಡು ಬೀದಿ ಆಚೆ, ಕಡಲಿಗೆ ಹತ್ತಿರದಲ್ಲಿ, ಮೂರನೇ ಮಹಡಿಯಲ್ಲಿ ಬೇರೆ ಮನೆ ಸಿಕ್ಕಿತು. ಅತ್ತೆ ಮಾತು ಬಿಟ್ಟರು. ಮಗ ಕೇಳಿದರೆ ಹೂಂ ಇಲ್ಲ, ಉಹೂಂ ಇಲ್ಲ. ಕೊನೆಗೊಂದು ಮಧ್ಯಾಹ್ನ ಬಟ್ಟೆ ಮಡಚುತ್ತಾ ಸೊಸೆಗೆ ಮಾತ್ರ ಹೇಳಿದರು:

"ಈ ಮನೆ ನನ್ನ ಕೈಗೆ ಗೊತ್ತು ಕಣೇ. ಇಲ್ಲಿ ನನಗೆ ಕಣ್ಣು ಮಂಜು, ಅಷ್ಟೆ. ಅಲ್ಲಿಗೆ ಹೋದ ದಿನವೇ ನಾನು ಕುರುಡಿ."

ರಜೆಯ ದಿನ ಗೆರೆಯಕ್ಕ ಗಂಡನನ್ನು ಕರೆದುಕೊಂಡು ಹೋಗಿ, ಟೇಪಿನ ತುದಿ ಅವನ ಕೈಗೆ ಕೊಟ್ಟು, ಖಾಲಿ ಮನೆಯನ್ನು ಮೂಲೆ ಮೂಲೆ ಅಳೆದಳು. ಊಟದ ಬಿಡುವಿನಲ್ಲಿ ನಕ್ಷೆ ಬಿಡಿಸಿ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು, ಕಿಟಕಿಯ ಬೆಳಕಿಗೆ ಅತ್ತೆಯ ಮುಂದೆ ಹರಡಿದಳು.

ಅತ್ತೆ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು. "ಬಿಳೀ ಬಟ್ಟೆ ಚೆನ್ನಾಗಿದೆ. ಏನು ಹೊಲೀಬೇಕು?" ಎಂದರು.

ಮಾರನೆಯ ದಿನ ಅವಳು ಪರದೆಯಲ್ಲಿ ಅದೇ ನಕ್ಷೆಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಹೋದಳು. ಕೋಣೆ ಹಿಗ್ಗಿತು, ಗೆರೆ ಹಿಗ್ಗಲಿಲ್ಲ. ಎಷ್ಟು ಸಮೀಪ ಹೋದರೂ ಅಷ್ಟೇ ದಪ್ಪ. ಬಿಡಿಸುವ ಜಾಗದಲ್ಲಿ ಅದು ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು, ಆದರೂ ಅಂದು ಬೇಸರವಾಯಿತು. ಪರದೆಯಲ್ಲೇ ಪ್ರಿಂಟಿಗೆ ಹಾಳೆ ಜೋಡಿಸುವ ಪುಟಕ್ಕೆ ಬಂದಳು. ಅಲ್ಲಿ ಮಾತ್ರ ಸಮೀಪಿಸಿದಂತೆಲ್ಲ ಗೆರೆಯೂ ಕಾಗದದ ಮೇಲಿನ ನಿಜವಾದ ಶಾಯಿಯಂತೆ ಉಬ್ಬುತ್ತದೆ. ದಪ್ಪಗಳ ಪಟ್ಟಿ ತೆರೆದು ಕಟ್ಟಕಡೆಯದನ್ನು, ಎರಡು ಮಿಲಿಮೀಟರಿಗೂ ತುಸು ಮಿಗಿಲಾದದ್ದನ್ನು, ಎಲ್ಲಕ್ಕೂ ಕೊಟ್ಟಳು.

"ಹಾಂ, ಇದೆ! ಏನೋ ಇದೆ!" ಎಂದು ಹೊಸ ಹಾಳೆ ನೋಡಿ ಅತ್ತೆ ಕೂತಲ್ಲೇ ಮುಂದಕ್ಕೆ ಜರುಗಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಮೀನು ಮಾರ್ಕೆಟ್ ಥರ ಇದೆಯಲ್ಲೇ. ಎಲ್ಲರೂ ಕೂಗಿದರೆ ಯಾರ ಮಾತು ಕೇಳಿಸುತ್ತೆ?"

"ಹಾಗಾದರೆ ಯಾರು ಕೂಗಬೇಕು, ನೀವೇ ಹೇಳಿ ಅತ್ತೆ."

ಸಂಜೆಗಳು ಆ ಚೌಕಾಸಿಯಲ್ಲಿ ಕಳೆದವು. ಡಿಕ್ಕಿ ಹೊಡೆಯುವಂಥದ್ದು ದಪ್ಪ, ಅಂದರೆ ಗೋಡೆ, ಕಂಬ, ಕಪಾಟು. ಕೈ ಚಾಚಿ ಹುಡುಕುವಂಥದ್ದು ಅದರ ಅರ್ಧ: ಬಾಗಿಲು, ನಲ್ಲಿ, ಒಲೆಯ ಕಟ್ಟೆ. ಕಂಪ್ಯೂಟರಿನಲ್ಲಿ ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಪದರ; ಬೇಡದ್ದರ ಪದರವನ್ನೇ ಕಾಣದಂತೆ ಮಾಡಿಬಿಡುವುದು.

"ಮೇಜು, ಕುರ್ಚಿ?"

"ನಿನ್ನ ಗಂಡ ಅವನ್ನ ಒಂದು ದಿನವಾದರೂ ಒಂದೇ ಕಡೆ ಬಿಟ್ಟಿದ್ದುಂಟಾ? ತೆಗೆದುಹಾಕು."

ತಲೆಯ ಮೇಲಿನ ತೊಲೆಗಳನ್ನು ಬಿಡಿ ಬಿಡಿ ಗೆರೆಯಿಂದ ತೋರಿಸಿದ್ದಳು. ಅದರ ಮೇಲೆ ಬೆರಳಾಡಿಸಿದ ಅತ್ತೆ, "ಇದು ಕಚ್ಚಾ ಹೊಲಿಗೆ. ಆಮೇಲೆ ಬಿಚ್ಚೋದು ತಾನೆ? ಈಗಲೇ ಬಿಚ್ಚು," ಎಂದು ನಕ್ಕರು. ಮಾತು ಬಿಟ್ಟಿದ್ದವರು ಹೀಗೆ ಮಾತಿಗೆ ಬಂದರು.

ಹಾಳೆ ಅವರ ಮಂಚದ ಮೇಲೆಯೇ ಉಳಿಯಿತು. ತೋರುಬೆರಳು ಬಾಗಿಲಿನಿಂದ ಹೊರಟು, ಗೋಡೆ ಹಿಡಿದು, ತಿರುಗಿ, ಅಡುಗೆಮನೆಗೆ ಹೋಗುತ್ತಿತ್ತು. ಸ್ವಲ್ಪ ದಿನಕ್ಕೆ ಬೆರಳಿನ ಜೊತೆ ಅವರೂ ಹೋಗತೊಡಗಿದರು.

"ನಿನ್ನೆ ಕನಸಲ್ಲಿ ಹೊಸ ಮನೆಗೆ ಹೋಗಿದ್ದೆ," ಎಂದರು ಒಂದು ಬೆಳಿಗ್ಗೆ. "ಗೋಡೆ ಇಲ್ಲ ಕಣೇ. ನೆಲದ ಮೇಲೆ ಕರೀ ಗೆರೆ, ಅಷ್ಟೆ. ದಾಟಬಹುದು, ಆದರೆ ದಾಟಬಾರದು ಅಂತ ಕಾಲಿಗೆ ಗೊತ್ತು. ಮೇಲೆ ಛಾವಣಿಯೂ ಇಲ್ಲ. ಮೋಡ ತೇಲ್ತಾ ಇತ್ತು. ಬಾಲ್ಕನಿಯಲ್ಲಿ ನಿಮ್ಮ ಮಾವ ಕೂತಿದ್ದರು."

"ಹೇಗಿದ್ದರು?"

"ತೆಳ್ಳಗೆ. ನೆಟ್ಟಗೆ ನೋಡಿದರೆ ಮಾಯ." ಅತ್ತೆ ಲೋಟದ ಅಂಚನ್ನು ಸವರುತ್ತಾ ಕೂತರು. "ಅವರನ್ನೂ ಒಂಚೂರು ದಪ್ಪ ಮಾಡೋಕಾಗುತ್ತಾ?"

ಅಂದು ಆಫೀಸಿನಲ್ಲಿ ಯಾವುದೋ ಗೋದಾಮಿನ ನಕ್ಷೆ ಮಾಡುತ್ತಿದ್ದ ಗೆರೆಯಕ್ಕ ಸುಮ್ಮನೆ ಕೈಕಟ್ಟಿ ಕೂತಳು. ಪರದೆಯ ಮೇಲೆ ಗೆರೆಗಳು ನೀರಿನ ಮೇಲಿನ ಹುಲ್ಲಿನಂತೆ ಮೆಲ್ಲಗೆ ತೇಲುತ್ತಿರುವ ಹಾಗೆ ಕಂಡವು.

ಮನೆ ಬದಲಿಸಿದ ದಿನ ಅತ್ತೆ ಯಾರ ಕೈಯನ್ನೂ ಹಿಡಿಯಲಿಲ್ಲ. ಹೊಸ್ತಿಲಲ್ಲಿ ನಿಂತು ಗೋಡೆ ಮುಟ್ಟಿ, "ಬಂದೆ," ಎಂದರು, ಯಾರಿಗೆಂದು ತಿಳಿಯಲಿಲ್ಲ. ನಡುಮನೆ ದಾಟಿದರು. ಎಡಕ್ಕೆ ತಿರುಗಿ ನಲ್ಲಿ ಬಿಟ್ಟು ಮುಖ ತೊಳೆದರು. ಗಂಟುಮೂಟೆ ಹೊತ್ತು ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಲ್ಲಿಂದ ಬಾಲ್ಕನಿಯತ್ತ ಹೊರಟವರು ಬಾಗಿಲ ಬುಡದಲ್ಲಿ ಎಡವಿ ಮುಗ್ಗರಿಸಿ ಬಿದ್ದರು.

ಅಲ್ಲೊಂದು ಗೇಣೆತ್ತರದ ಮೆಟ್ಟಿಲಿತ್ತು. ಗೆರೆಯಕ್ಕ ಅದನ್ನು ಅಳೆದಿದ್ದಳು, ಬಿಡಿಸಿಯೂ ಇದ್ದಳು. ಹಾಸುಗಲ್ಲಿನ ಪದರದಲ್ಲಿ ಸೇರಿ ಅದು ಕೂದಲೆಳೆಯಾಗಿ ಉಳಿದುಹೋಗಿತ್ತು. ಮೊಣಕಾಲಿನ ರಕ್ತ ಒರೆಸುತ್ತಾ ಅವಳು ಬಿಕ್ಕಿದಳು.

"ಅಳೋದಕ್ಕೇನಾಯ್ತು? ಬಿದ್ದವಳು ನಾನು," ಎಂದರು ಅತ್ತೆ. "ಅದನ್ನ ದಪ್ಪ ಮಾಡು, ಮುಗೀತು."

ಹಾಳೆಯಲ್ಲಿ ದಪ್ಪ ಮಾಡಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಕರೀ ಟೇಪಿನ ಸುರುಳಿ ತಂದು ಮೆಟ್ಟಿಲಿನ ಅಂಚಿಗೆ ಅಂಟಿಸಿದಳು. ಆಮೇಲೆ ಬಾಗಿಲ ಚೌಕಟ್ಟಿಗೆ, ಕಪಾಟಿನ ಮೂಲೆಗೆ, ಒಲೆಯ ಕಟ್ಟೆಗೆ. ಅಗಲದ ಟೇಪು, ಸಣ್ಣ ಟೇಪು, ಹಾಳೆಯಲ್ಲಿದ್ದ ಹಾಗೆಯೇ. ಸಂಜೆಯ ಬಿಸಿಲು ಒಳಗೆ ಬಂದಾಗ ಬಿಳೀ ಗೋಡೆಗಳು ಕರಗಿ, ಗೆರೆಗಳು ಮಾತ್ರ ಗಾಳಿಯಲ್ಲಿ ನಿಂತಿರುತ್ತಿದ್ದವು. ಬಸ್ ನಿಲ್ಲಿಸಿ ಬಂದ ಗಂಡ ಬಾಗಿಲಲ್ಲೇ ನಿಂತು, "ಯಾವ ಕಡೆ ಪಾರ್ಕಿಂಗ್ ಮಾಡಲಿ?" ಎಂದು ಕೇಳಿದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೋಟ ಮಾತ್ರ ಕಿರಿದಾಗುತ್ತಲೇ ಹೋಯಿತು. ವರ್ಷ ಕಳೆದಂತೆ ಟೇಪು ಅಗಲವಾಯಿತು. ಕೆಳಗಿನ ಬೀದಿಯ ನಕ್ಷೆ ಬೇಕೆಂದು ಅತ್ತೆ ಹಟ ಹಿಡಿದಾಗ, ಹಾಳೆಯ ಮೇಲೆ ಗೆರೆಗಳು ಎಷ್ಟು ಊದಿದವೆಂದರೆ ನಡುವೆ ರಸ್ತೆಗೆ ಜಾಗವೇ ಉಳಿಯಲಿಲ್ಲ. ಅರ್ಧ ಕೆಲಸ ಬಿಟ್ಟು ಬಂದು ಅವಳು ನಿಜ ಹೇಳಿದಳು: "ಇದಕ್ಕಿಂತ ದಪ್ಪ ಮಾಡಿದರೆ ಬರೀ ಕಪ್ಪು ಅತ್ತೆ. ಏನೂ ತಿಳಿಯಲ್ಲ."

"ಸರಿ ಬಿಡು. ಮೂಲೇಲಿ ಹೊಲಿಗೆ ಅಂಗಡಿ ಇದೆ ಅಂದೆಯಲ್ಲ, ಅಲ್ಲೀವರೆಗೆ ನಿನ್ನ ಭುಜ ಕೊಡು. ಉಳಿದದ್ದು ನನಗೆ."

ಕೆಲವು ವಾರ ಸೊಸೆಯ ಭುಜ ಹಿಡಿದು ಹೋದರು. ಆಮೇಲೆ ಕೋಲು ಹಿಡಿದು ಒಬ್ಬರೇ. ಅಂಗಡಿಯ ಯಂತ್ರದ ಸದ್ದು ಅವರನ್ನು ಕೈಹಿಡಿದು ಎಳೆದೊಯ್ಯುತ್ತಿತ್ತು. ಅಂಗಡಿಯ ದರ್ಜಿ ಒಂದು ಕುರ್ಚಿ ಹಾಕಿಸಿದ. ಅತ್ತೆ ಅಲ್ಲಿ ಕೂತು ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಸವರಿ ಹೇಳುವರು, ಗುಂಡಿಗಳನ್ನು ಬೆರಳಲ್ಲೇ ವಿಂಗಡಿಸುವರು, ಬಂದವರ ಹೆಗಲು ಮುಟ್ಟಿ, "ಇಲ್ಲಿ ಸಡಿಲ ಬಿಡು," ಎನ್ನುವರು.

ಒಂದು ಸಂಜೆ ಗೆರೆಯಕ್ಕ ಮನೆಗೆ ಬಂದರೆ ಅತ್ತೆ ಇಲ್ಲ. ಅಂಗಡಿಯಿಂದ ಆಗಲೇ ಹೊರಟರಂತೆ. ಬೀದಿಯ ಎರಡೂ ತುದಿ ಓಡಾಡಿ ಬರುವಷ್ಟರಲ್ಲಿ, ಮೆಟ್ಟಿಲ ಬುಡದಲ್ಲಿ ಕೋಲಿನ ಸದ್ದು. ಅತ್ತೆಯ ಕೂದಲು ಗಾಳಿಗೆ ಕೆದರಿತ್ತು, ಚಪ್ಪಲಿಗೆ ಒದ್ದೆ ಮರಳು ಮೆತ್ತಿತ್ತು.

"ಎಲ್ಲಿಗೆ ಹೋಗಿದ್ದಿರಿ ಅತ್ತೆ? ಜೀವ ಹೋದ ಹಾಗಾಯ್ತು ನನಗೆ!"

"ನೀನು ಬಿಡಿಸದೇ ಇರೋ ಜಾಗಕ್ಕೆ," ಎಂದರು ಅತ್ತೆ.

"ಅಂದರೆ ಎಲ್ಲಿ?"

"ಹೇಳಲ್ಲ," ಎಂದು ಅವರು ಅವಳ ಪಕ್ಕದ ಗೋಡೆಯನ್ನು ನೋಡಿ ನಕ್ಕರು. "ಬಾ, ಹಸಿವಾಗ್ತಿದೆ."