ನಡುಕ ಎಲ್ಲಿದೆ ಎಂದು ಹುಡುಕುವ ಅಮೋಘಸಿದ್ದಪ್ಪ

ಹುಮನಾಬಾದಿನ ಹೊರಗೆ, ಹೆದ್ದಾರಿಯಿಂದ ಇಳಿದು ಬರುವ ಸರ್ವಿಸ್ ರಸ್ತೆಯ ಅಂಚಿನಲ್ಲಿ ಮೆಕ್ಯಾನಿಕ್ ಅಮೋಘಸಿದ್ದಪ್ಪ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಒಂದು ಬಿಳಿ ಕಾರು ಮೆಲ್ಲಗೆ ಬಂದು ರಸ್ತೆಯ ಉಬ್ಬನ್ನು ಹತ್ತಿ ಇಳಿದು ಮುಂದೆ ಹೋಗುತ್ತದೆ. ಅವರು ಕೈ ಬೀಸುತ್ತಾರೆ, ಇನ್ನೊಂದು ಸಲ. ಕಾರು ತಿರುಗಿ ಬರುತ್ತದೆ. ಈ ಸಲ ಅವರು ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ, ಮುಂದಿನ ಎಡಚಕ್ರವನ್ನೇ ನೋಡುತ್ತಾರೆ. ಗಾಡಿಯನ್ನು ಇನ್ನೂ ಮುಟ್ಟಿಲ್ಲ.

ಪಕ್ಕದಲ್ಲಿ ಚಹಾದ ಗಾಡಿ ಇಟ್ಟುಕೊಂಡಿರುವ ವಜೀರಬಿಗೆ ಇದು ದಿನನಿತ್ಯದ ತಮಾಷೆ. “ಹೆಣ್ಣು ನೋಡಾಕ ಬಂದಾವ್ರಂಗ ನೋಡ್ರಿ ಇವರು,” ಎನ್ನುತ್ತಾರೆ. “ನಡಿಗಿ ನೋಡೂತನಕ ಒಂದು ಮಾತೂ ಆಡಂಗಿಲ್ಲ.”

ಅಮೋಘಸಿದ್ದಪ್ಪ ನಗುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಸಣ್ಣ ಮೈಕಟ್ಟು, ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಕಪ್ಪು. ಅವರದು ದುಬಲಗುಂಡಿಯ ಕುರಿಗಾರರ ಮನೆ. ಹೆಂಡತಿ ಧೂಳಮ್ಮ ಈಗಲೂ ಕುರಿ ಸಾಕುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಇವರು ಹುಮನಾಬಾದಿಗೆ ಬರುತ್ತಾರೆ, ಧೂಳಮ್ಮ ಹಿಂಡು ಹೊಡೆದುಕೊಂಡು ಹೊಲದ ಕಡೆ ಹೋಗುತ್ತಾರೆ. ಗಾಡಿಯ ನಡಿಗೆ ನೋಡುವುದನ್ನು ಕಲಿತದ್ದು ಎಲ್ಲಿ ಎಂದು ಕೇಳಿದರೆ ಅವರು ಗ್ಯಾರೇಜಿನ ಹೆಸರು ಹೇಳುವುದಿಲ್ಲ. ಅವರ ಅಪ್ಪ ಬೆಳಿಗ್ಗೆ ದೊಡ್ಡಿಯ ಬಾಗಿಲಲ್ಲಿ ಕೂತು ಕುರಿಗಳನ್ನು ಒಂದೊಂದಾಗಿ ಹೊರಗೆ ಬಿಡುತ್ತಿದ್ದರಂತೆ. ಯಾವುದು ಯಾವ ಕಾಲು ಎತ್ತಿ ಹಾಕುತ್ತದೆ ಎಂದು ಅಲ್ಲೇ ತಿಳಿಯುತ್ತಿತ್ತು. “ಕುರಿಗೆ ಎಲ್ಲಿ ನೋವಾಗ್ಯಾದ ಅಂತ ಕೇಳಿದ್ರ ಹೇಳ್ತದೇನ್ರಿ? ನಡೆಸಿ ನೋಡ್ಬೇಕು. ಗಾಡೀನೂ ಹಂಗs.”

ಆ ಬಿಳಿ ಕಾರು ಬಸವಕಲ್ಯಾಣದ ಒಂದು ಬಟ್ಟೆ ಅಂಗಡಿಯ ಮನೆಯವರದು. ಅದನ್ನು ಓಡಿಸಿಕೊಂಡು ಬಂದವರು ಗುರುನಾಥ. ಆ ಮನೆಗೆ ಇಪ್ಪತ್ತು ವರ್ಷದಿಂದ ಡ್ರೈವರ್, ಅರವತ್ತಕ್ಕೆ ಹತ್ತಿರವಾಗಿದ್ದಾರೆ, ಎಲ್ಲರ ಬಾಯಲ್ಲೂ ‘ಕಾಕಾ’. ವೇಗ ಅರವತ್ತು ದಾಟಿತೆಂದರೆ ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ ಎಂಬುದು ಅವರ ದೂರು. ಟೈರಿನ ಅಂಗಡಿಯಲ್ಲಿ ಚಕ್ರಗಳಿಗೆ ಎರಡು ಸಲ ಸೀಸದ ತುಂಡು ಹಚ್ಚಿ ತೂಕ ಸರಿಮಾಡಿಸಿದ್ದಾರೆ. ನಾಲ್ಕು ದಿನ ನೆಟ್ಟಗಿದ್ದು ಮತ್ತೆ ಅದೇ ನಡುಕ.

ಅಮೋಘಸಿದ್ದಪ್ಪನವರ ಪ್ರಶ್ನೆಗಳು ಮುಗಿಯುವುದಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆಯೋ? ಹಾಗಿದ್ದರೆ ಬ್ರೇಕಿನ ತಟ್ಟೆ ನೋಡಬೇಕು. ಒಂದೇ ವೇಗದಲ್ಲಿ ಬಂದು, ಅದನ್ನು ದಾಟಿದರೆ ಹೋಗುತ್ತದೆಯೋ? ಅದು ಚಕ್ರದ ತೂಕ. ತಗ್ಗು ಹಾರಿದ ಮೇಲೂ ಸ್ವಲ್ಪ ದೂರ ಅಲುಗುತ್ತಲೇ ಇದ್ದು, ಗಾಡಿ ತಾನಾಗಿ ಪಕ್ಕಕ್ಕೆ ಸರಿದಂತಾಗುತ್ತದೆಯೋ? ಗುರುನಾಥ ಇದಕ್ಕೆ ಹೌದು ಎನ್ನುತ್ತಾರೆ. ಟೈರಿನ ಒಳಅಂಚು ಹೊರಗಿನದಕ್ಕಿಂತ ಹೆಚ್ಚು ಸವೆದಿರುವುದನ್ನೂ ಅಮೋಘಸಿದ್ದಪ್ಪ ಬೆರಳಾಡಿಸಿ ತೋರಿಸುತ್ತಾರೆ.

ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ಕಬ್ಬಿಣದ ತೋಳು ಒಂದಿರುತ್ತದೆ. ಆ ತೋಳು ಮೈಗೆ ಕೂಡುವ ಕಡೆ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ, ದಪ್ಪ ರಬ್ಬರಿನ ಒಂದು ಬಳೆ. ಅದೇ ಬುಶ್. ಅದು ಸೀಳಿದರೆ ತೋಳು ಸಡಿಲಾಗಿ, ರಸ್ತೆಯ ಪೆಟ್ಟೆಲ್ಲ ಸ್ಟೇರಿಂಗಿಗೆ ಬರುತ್ತದೆ. ಯಂತ್ರದ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ. ಇಷ್ಟನ್ನೂ ಅವರಿಗೇ ಓದಿ ತೋರಿಸಿ, ತಪ್ಪಿದ್ದಲ್ಲಿ ತಿದ್ದಿಸಿಕೊಂಡಿದ್ದೇನೆ.

ಜ್ಯಾಕ್ ಹಚ್ಚಿ, ಕೆಳಗೆ ಮಲಗಿ, ಉದ್ದನೆಯ ಸಲಾಕೆಯಿಂದ ಅವರು ಆ ತೋಳನ್ನು ಮೀಟುತ್ತಾರೆ. ಅಲುಗಬಾರದ ಕಡೆ ಅದು ಬೆರಳಿನಷ್ಟು ಅಲುಗುತ್ತದೆ. ಗುರುನಾಥರನ್ನು ಕರೆದು, ಅವರೂ ಮಲಗಿ ನೋಡುವಂತೆ ಮಾಡುತ್ತಾರೆ. ಆಮೇಲೆಯೇ ಬಿಚ್ಚುವುದು. ಹಳೆಯ ಲಾರಿ ಜ್ಯಾಕನ್ನು ಕಬ್ಬಿಣದ ಚೌಕಟ್ಟಿಗೆ ಬೆಸೆದು ಅವರೇ ಮಾಡಿಕೊಂಡ ಪ್ರೆಸ್ಸಿನಲ್ಲಿ ಹಳೆಯ ಬುಶ್ ಮೆಲ್ಲಗೆ ಹೊರಗೆ ಬರುತ್ತದೆ. ರಬ್ಬರು ಅರ್ಧ ಸುತ್ತು ಹರಿದಿದೆ. ಹೊಸದನ್ನು ಸಾಬೂನಿನ ನೀರು ಸವರಿ ಕೂರಿಸುತ್ತಾರೆ. ಗ್ರೀಸ್ ಹಚ್ಚಿದರೆ ಬೇಗ ಕೂರುತ್ತದೆ, ಆದರೆ ಅದು ರಬ್ಬರನ್ನು ತಿನ್ನುತ್ತದೆಯಂತೆ.

ದಿನಕ್ಕೆ ಮೂರು ಗಾಡಿ ಮುಗಿದರೆ ಅವರಿಗೆ ಒಳ್ಳೆಯ ದಿನ. ಬೇರೆಯವರು ಇಷ್ಟೇ ಹೊತ್ತಿನಲ್ಲಿ ಆರು ಮುಗಿಸುತ್ತಾರೆ. ರಸ್ತೆ ಅಗಲವಾದಾಗ ಅವರ ತಗಡಿನ ಶೆಡ್ಡು ಎರಡು ಸಲ ಜಾಗ ಬದಲಿಸಿದೆ. ಹೊಸ ಜಾಗದಲ್ಲಿ ನೆಲ ತೋಡಿ, ಗಾಡಿಯ ಕೆಳಗೆ ನಿಲ್ಲಲು ಗುಂಡಿ ಮಾಡಿಕೊಳ್ಳಲು ಅನುಮತಿ ಇಲ್ಲ. ಹಾಗಾಗಿ ಬೆನ್ನ ಮೇಲೆ ಮಲಗಿಯೇ ಎಲ್ಲ ಕೆಲಸ. ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ನಿಂತೇ ಊರಿಗೆ ಹೋಗುವ ದಿನಗಳಿವೆ. ಒಂದೊಂದು ಗಾಡಿಗೂ ಇಷ್ಟು ಹೊತ್ತಾಗುವುದಕ್ಕೆ ಕಾರಣ ಬುಶ್ ಹಿಡಿಯುವ ಕೊನೆಯ ಬೋಲ್ಟು. ಚಕ್ರಗಳು ನೇತಾಡುತ್ತಿರುವಾಗ ಅದನ್ನು ಬಿಗಿದರೆ, ಗಾಡಿ ನೆಲಕ್ಕೆ ಇಳಿದಾಗ ರಬ್ಬರು ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆದ್ದರಿಂದ ನಾಲ್ಕೂ ಚಕ್ರಗಳ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟು, ಗಾಡಿಯ ಭಾರವನ್ನು ಅವುಗಳ ಮೇಲೆ ಇಳಿಸಿ, ಯಾವಾಗಲೂ ಓಡಿಸುವವರನ್ನೇ ಸೀಟಿನಲ್ಲಿ ಕೂರಿಸಿ, ಕೆಳಗೆ ನುಸುಳಿ ಬಿಗಿಯುತ್ತಾರೆ.

ಆ ದಿನ ಗುರುನಾಥ ಹಾಗೆ ಮೇಲೆ ಕೂತಿದ್ದಾರೆ. ಕೆಳಗೆ ಅಮೋಘಸಿದ್ದಪ್ಪನವರ ಕಾಲು ಮಾತ್ರ ಕಾಣುತ್ತದೆ. ಇವರ ಮುಖ ಅವರಿಗೆ ಕಾಣದು, ಅವರದು ಇವರಿಗೆ ಕಾಣದು. ಗುರುನಾಥ ಸ್ಟೇರಿಂಗ್ ನೋಡುತ್ತ ಕೇಳುತ್ತಾರೆ, “ಸಿದ್ದಪ್ಪಾ, ಇದು ಗಾಡೀದs ನಡುಕ ಹೌದೇನಪ್ಪ?”

ಬೋಲ್ಟು ತಿರುಗಿಸುವ ಪಾನದ ಸದ್ದು ನಿಲ್ಲುತ್ತದೆ. “ಯಾಕ ಕಾಕಾ?”

“ಮನ್ಯಾಗ ಚಹಾ ಕುಡಿಯಾಗನೂ ಕೈ ನಡಗ್ತಾವ. ಸಾವಕಾರ್ರ ಸೊಸಿ ಪೂನಂ ಅಕ್ಕಾರು ನೋಡ್ಯಾರ. ಹದಿನೈದು ದಿನ ಆತು, ಮಕ್ಕಳನ್ನ ನನ್ನ ಗಾಡ್ಯಾಗ ಕುಂದರಿಸವಲ್ರು. ದೀಪಾವಳಿ ತನಕ ಅಷ್ಟ ನಂದು ನೌಕರಿ ಅಂತ ಕಾಣ್ತದ. ನೀ ಇಷ್ಟೆಲ್ಲ ಮಾಡಿದ ಮ್ಯಾಲೂ ನಡುಗಿತಂದ್ರ…”

ಇದನ್ನು ಬರೆಯಬಹುದೇ ಎಂದು ಗುರುನಾಥರನ್ನು ಕೇಳಿ, ಅವರು ಒಂದು ರಾತ್ರಿ ಯೋಚಿಸಿ ಒಪ್ಪಿದ ಮೇಲೆಯೇ ಇಲ್ಲಿ ಬರೆದಿದ್ದೇನೆ.

ಅಮೋಘಸಿದ್ದಪ್ಪ ಕೆಳಗಿನಿಂದಲೇ ಹೇಳುತ್ತಾರೆ, “ರಬ್ಬರ್ ಹರಿದಿದ್ದು ಖರೆ, ನೀವೂ ನೋಡೀರಿ. ಕೈಯದು ನನಗ ಗೊತ್ತಿಲ್ಲ ಕಾಕಾ, ಸುಳ್ಳ ಯಾಕ ಹೇಳ್ಲಿ? ಈಗ ಅಲುಗಾಡಬ್ಯಾಡ್ರಿ, ಬೋಲ್ಟ್ ಬಿಗಿಯಾಕತ್ತೇನಿ.”

ಕಾರು ಇಳಿಸುವಷ್ಟರಲ್ಲಿ ಅಮೋಘಸಿದ್ದಪ್ಪನವರಿಗೆ ಪೂನಂ ಅವರ ಫೋನು ಬರುತ್ತದೆ. ಬಟ್ಟೆ ಅಂಗಡಿಯ ಮನೆಯ ಸೊಸೆ, ಅಂಗಡಿಯನ್ನೂ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳುವವರು. ಕಾಕಾನ ಮೇಲೆ ಅವರಿಗೆ ಸಿಟ್ಟಿಲ್ಲ, ಭಯವಿದೆ. ನಡುಕ ಗಾಡಿಯದೋ ಕಾಕಾನ ಕೈಯದೋ, ಒಂದೇ ಮಾತಿನಲ್ಲಿ ಹೇಳಿಬಿಡಿ ಎಂದು ಅವರು ಕೇಳುತ್ತಾರೆ. ಗುರುನಾಥ ಪಕ್ಕದಲ್ಲೇ ನಿಂತು, ಆಗಲೇ ಒರೆಸಿದ ಗಾಜನ್ನು ಮತ್ತೆ ಒರೆಸುತ್ತಿದ್ದಾರೆ.

“ಬುಶ್ ಹೋಗಿತ್ರಿ ಅಕ್ಕಾರ, ಹೊಸಾದು ಹಾಕೀನಿ,” ಎನ್ನುತ್ತಾರೆ ಅಮೋಘಸಿದ್ದಪ್ಪ. “ಕೈ ಬಗ್ಗೆ ನನ್ನ ಮಾತು ತಗೊಂಡು ಏನ್ ಮಾಡ್ತೀರಿ? ಅದನ್ನ ಡಾಕ್ಟರ್ ನೋಡ್ಲಿ. ಆಮ್ಯಾಲ ನೀವು ಒಮ್ಮೆ ಹಿಂದ ಕುಂತು ಬರ್ರಿ.”

ಫೋನು ಇಟ್ಟ ಕೂಡಲೇ ವಜೀರಬಿ ಬೈಯುತ್ತಾರೆ. ಗಾಡಿಯದೇ ತಪ್ಪು ಎಂದು ಒಂದು ಒಳ್ಳೆಯ ಮಾತು ಆಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಪಾಪ ಮುದುಕ ಎಂದು. ಅಮೋಘಸಿದ್ದಪ್ಪ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ, “ನಾಳೆ ಅಕ್ಕಾರಿಗೆ ಮತ್ತ ಸಂಶಯ ಬಂತಂದ್ರ, ನನ್ನ ಮಾತು ಬಂದು ಸ್ಟೇರಿಂಗ್ ಹಿಡಿತದೇನ್ ವಜೀರಬಿ?” ಆಮೇಲೆ ಗುರುನಾಥರ ಕಡೆ ತಿರುಗಿ, ಇಷ್ಟು ದಿನ ನಡುಗುವ ಸ್ಟೇರಿಂಗನ್ನು ಕುತ್ತಿಗೆ ಹಿಚುಕಿದಂತೆ ಹಿಡಿದಿದ್ದೀರಿ, ಇನ್ನು ಸಡಿಲ ಹಿಡಿಯಿರಿ ಎಂದು ಹೇಳಿ, ಚಕ್ರಗಳ ನೇರ ನೋಡಿಸಲು ಅಲೈನ್‌ಮೆಂಟ್ ಅಂಗಡಿಗೆ ಕಳಿಸುತ್ತಾರೆ.

ಮುಂದಿನ ವಾರ ಪೂನಂ ಹಿಂದೆ ಕೂತು ನೋಡಲು ಹುಮನಾಬಾದಿಗೆ ಬಸ್ಸಿನಲ್ಲಿ ಬರುತ್ತಾರೆ. ಅಷ್ಟರಲ್ಲಿ ಗುರುನಾಥ ಡಾಕ್ಟರಿಗೆ ತೋರಿಸಿಕೊಂಡಿದ್ದಾರೆ. ಡಾಕ್ಟರು ಕೈ ಹಿಡಿಸಿ, ಬಿಡಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಗಾಡಿ ಓಡಿಸಬೇಡ ಎಂದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೊರಟಾಗ ಅಮೋಘಸಿದ್ದಪ್ಪ ಮುಂದೆ, ಪೂನಂ ಮತ್ತು ನಾನು ಹಿಂದೆ. ಪೂನಂ ಮುಂದಿನ ಸೀಟಿನ ಬೆನ್ನು ಹಿಡಿದು, ಗುರುನಾಥರ ಕೈಗಳನ್ನೇ ನೋಡುತ್ತಿದ್ದಾರೆ. ಅರವತ್ತು. ವೇಗದ ಮುಳ್ಳು ಮೇಲೇರುತ್ತದೆ. ಎಪ್ಪತ್ತು. ಸ್ಟೇರಿಂಗ್ ನಿಂತಂತೆ ಇದೆ, ಅದರ ಮೇಲೆ ಆ ಎರಡು ಕೈಗಳೂ ನಿಂತಿವೆ. ರಾಜೇಶ್ವರದ ಹತ್ತಿರ ಒಂದು ತಗ್ಗು ಬರುತ್ತದೆ. ಗಾಡಿ ಒಮ್ಮೆ ಕುಲುಕಿ ಸುಮ್ಮನಾಗುತ್ತದೆ.

ಊರು ದಾಟಿದ ಮೇಲೆ ನಾನು ಪಕ್ಕಕ್ಕೆ ನೋಡುತ್ತೇನೆ. ಪೂನಂ ಅವರ ಕೈ ಸೀಟಿನಿಂದ ಜಾರಿ ಮಡಿಲಲ್ಲಿದೆ. ತಲೆ ಕಿಟಕಿಗೆ ಒರಗಿದೆ. ನಿದ್ದೆ ಹತ್ತಿದೆ. ಗುರುನಾಥ ಕನ್ನಡಿಯಲ್ಲಿ ಅದನ್ನು ನೋಡುತ್ತಾರೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಒಂದು ರಸ್ತೆಯ ನಡುವೆ ಹೋಗುತ್ತಿದೆ. ಅವರು ಹಾರ್ನ್ ಹೊಡೆಯದೆ, ಅದು ತಾನಾಗಿ ಬದಿಗೆ ಸರಿಯುವವರೆಗೆ ಹಿಂದೆಯೇ ಹೋಗುತ್ತಾರೆ.

ಅಂಗಡಿಯ ಮುಂದೆ ಕಾರು ನಿಂತಾಗ ಪೂನಂ ಎಚ್ಚರವಾಗಿ, ಸೆರಗು ಸರಿಮಾಡಿಕೊಂಡು ಇಳಿಯುತ್ತಾರೆ. “ಕಾಕಾ, ಮಂಗಳವಾರ ಕಲಬುರಗಿಗೆ ಹೋಗೋದದ. ಮಕ್ಕಳೂ ಬರ್ತಾರ. ಜಲ್ದಿ ಬರ್ರಿ.” ಒಳಗಿನಿಂದ ಎಲ್ಲರಿಗೂ ಚಹಾ ಬರುತ್ತದೆ. ಗುರುನಾಥರ ಚಹಾದ ಕಪ್ ಬಸಿಯ ಮೇಲೆ ಸಣ್ಣಗೆ ಸದ್ದು ಮಾಡುತ್ತದೆ. ಅವರು ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಎರಡೂ ಕೈಯಿಂದ ಹಿಡಿದು, ಅಲ್ಲೇ ಎಲ್ಲರೆದುರು ಕುಡಿಯುತ್ತಾರೆ.

ಬಸ್ಸಿಗೆ ಕಾಯುತ್ತ ನಿಂತಾಗ ನಾನು ಅಮೋಘಸಿದ್ದಪ್ಪನವರಿಗೆ ಹೇಳುತ್ತೇನೆ, ನಿಮ್ಮ ಕೆಲಸದ ಬಗ್ಗೆ ಪೂನಂ ಒಂದು ಮಾತೂ ಆಡಲಿಲ್ಲವಲ್ಲ ಎಂದು. ಅವರಿಗೆ ಅದರಲ್ಲಿ ಬೇಸರವೇನೂ ಕಾಣುವುದಿಲ್ಲ. ಬೆನ್ನಿಗೆ ಕೈ ಕೊಟ್ಟು, ಬಸ್ಸು ಬರುವ ಕಡೆ ನೋಡುತ್ತಾರೆ.

“ಮಕ್ಕಳೂ ಬರ್ತಾರ ಅಂದ್ರಲ್ರೀ,” ಎನ್ನುತ್ತಾರೆ. “ನೀವು ಕೇಳಿದ್ರಿಲ್ಲ?”