ಸರ್ ದನಿಯಲ್ಲಿ ನಾನಾಡಿದ ಮಾತು

ಮೊದಲು ಎರಡು ಸಣ್ಣ ಕೆಮ್ಮು, ಆಮೇಲೆ ಕನ್ನಡಕ ಹಣೆಗೇರಿಸುವುದು, ಆಮೇಲೆ ಉದ್ದಕ್ಕೆ ಎಳೆದ ಒಂದು "ನೋಡ್ರೀ..." ನಮ್ಮ ಸರ್ ಮಾತು ಶುರುವಾಗುತ್ತಿದ್ದದ್ದು ಹೀಗೆ. ಇದನ್ನು ಕದ್ದು ಒಬ್ಬ ಹುಡುಗಿಯ ಓದು ಕೆಡಿಸಿದ ಶಾಣ್ಯಾ ನಾನು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ನಾನು ಖಜೂರಿಯವನು. ಸ್ವಂತ ದನಿ ಲಾರಿ ಹಾರ್ನಿನಂಥದು. ಅದಕ್ಕೇ ಮಂದಿಯ ದನಿ ಎರವಲು ತರುತ್ತಿದ್ದೆ. ಆಳಂದ ಕಡೆಯ ನಮ್ಮ ಸರಕಾರಿ ವಿಶ್ವವಿದ್ಯಾಲಯದಲ್ಲಿ ಸರ್ ಇತಿಹಾಸ ಕಲಿಸುತ್ತಿದ್ದರು. ಪ್ರತಿ ವರ್ಷ ಹೊಸಬರನ್ನು ಬಿಸಿಲಲ್ಲೇ ಸುತ್ತಾಡಿಸಿ, ಇದು ಗಣಿತ, ಅದು ಸಂಗೀತ, ಆಚೆ ಭಾಷೆಗಳು ಎಂದು ತೋರಿಸುವುದು ಅವರ ಪಾಲಿನ ಕೆಲಸ. "ಬೇಕಾದ್ದು ಓದ್ರಿ, ಬ್ಯಾಡಾದ್ದೂ ಒಂದೀಟು ಓದ್ರಿ" ಅನ್ನುವರು. ಮೀಸೆ ಚಿಗುರದ ಹುಡುಗರಿಗೂ 'ರಿ' ಹಚ್ಚದೆ ಮಾತಾಡಿದವರಲ್ಲ. ನೌಕರಿ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ರಿ ಎಂದು ನಗುವರು.

ನಮ್ಮ ಕ್ಲಾಸಿನಲ್ಲಿ ಸರ್‌ಗೇ ಎದುರು ಪ್ರಶ್ನೆ ಹಾಕುವವಳು ಅಂದೋಲಾ ಊರಿನ ಹುಡುಗಿಯೊಬ್ಬಳೇ. ಎರಡನೇ ವರ್ಷ ಅವಳಪ್ಪ, ಇತಿಹಾಸ ಓದಿದರೆ ಏನು ಬಂತು, ಗಂಡು ನೋಡಿದ್ದೇವೆ, ಮನೆಗೆ ಬಾ ಎಂದರು. ಅವಳು ಅತ್ತಳು. ನಾನು ಅವಳಪ್ಪನಿಗೆ ಫೋನು ಹಚ್ಚಿ, ಎರಡು ಸಲ ಕೆಮ್ಮಿ, ಸರ್ ಆಗಿಬಿಟ್ಟೆ. "ನೋಡ್ರೀ ಯಜಮಾನ್ರ, ನೌಕರಿ ಪಕ್ಕಾ ಅದ. ಜುಮ್ಮೇದಾರಿ ನಂದು, ಅದಕ್ಕ ನಾ ಹೊಣಿ."

ಅವರು ನಂಬಿದರು. ನಂಬಿದ್ದಕ್ಕೇ ಮರುದಿನ ಬಸ್ಸು ಹತ್ತಿ ಬಂದು, ಅದೇ ಮಾತು ಎದುರಿಗೊಮ್ಮೆ ಹೇಳ್ರಿ ಎಂದು ಸರ್ ಮುಂದೆ ಕೂತರು. ಮಗಳು ಬಾಗಿಲಲ್ಲಿ ನಿಂತಿದ್ದಳು; ಅವಳ ಹಿಂದೆ ನಾನು. ಸರ್ ಒಮ್ಮೆ ನನ್ನತ್ತ ನೋಡಿದರು, ಹೆಸರು ಎತ್ತಲಿಲ್ಲ. ನೌಕರಿಯ ಮಾತು ಕೊಡಲಾರೆ, ಆದರೂ ಇವಳನ್ನು ಓದಿಸಿ ಎಂದು ಕೈಮುಗಿದರು. ಮಾಸ್ತರ್ ಮಂದಿ ಫೋನಿನಾಗೊಂದು, ಮಾರಿ ಮುಂದೊಂದು ಎಂದು ಗೊಣಗುತ್ತ ಅಪ್ಪ ಮಗಳನ್ನು ಕರೆದುಕೊಂಡು ಹೋದರು.

ಸರ್ ಎರಡು ಸಲ ಅಂದೋಲಾಕ್ಕೆ ಹೋಗಿ ಕೇಳಿಕೊಂಡರು. ಎರಡನೇ ಸಲ ಮನೆ ಮುಂದೆ ಮದುವೆಯ ಹಂದರ ಹಾಕಿತ್ತು. ಅಕ್ಕಿಕಾಳು ಹಾಕಿ ಬಂದರಂತೆ. ಹೋದ ವರ್ಷ ಸರ್ ತೀರಿಕೊಂಡರು. ಸಂತಾಪದ ಸಭೆಯಲ್ಲಿ ಗೆಳೆಯರು, ಸರ್ ದನಿ ಒಮ್ಮೆ ಮಾಡಿ ತೋರಿಸೋ ಎಂದರು. ಬಾಯಿ ತೆರೆದೆ; ಬಂದದ್ದು ನನ್ನದೇ ಲಾರಿ ಹಾರ್ನು.

ಅಪ್ಪ, ಮಗಳು ಹೊರಟುಹೋದ ಆ ಮಧ್ಯಾಹ್ನ ನಾನು ತಪ್ಪು ಒಪ್ಪಿಕೊಳ್ಳುವ ಬದಲು ಸರ್ ಮೇಲೇ ಹರಿಹಾಯ್ದಿದ್ದೆ. ಆಕೆಗಾಗಿ ಒಂದು ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದ್ದೆ. ಸರ್ ಬಾಗಿಲ ಕಡೆ ನೋಡುತ್ತ ಅಂದರು:

"ಹಂಗ ಹೇಳಿದ್ರ, ನಾಳಿ ಆಕಿಗಿ ಕಲಿಸಾಕ ನನ್ನ ಹತ್ರ ಏನ್ ಉಳೀತಿತ್ರಿ?"