ಅಟ್ಟ ಹತ್ತಿದ ಜಾಕೆಟ್ಟು

ಲೊಟ್, ಲೊಟ್. ನಮ್ಮ ಯಜಮಾನರು ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ ಸದ್ದು. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಓಡಾಡತೊಡಗಿದರೆ ಒಡೆಯಲು ತಯಾರು ಎಂದರ್ಥ. ಕೆಳಗೆ ಷೆಡ್ಡಿನಲ್ಲಿ ಮೊಮ್ಮಗಳ ಏರ್ ರೈಫಲ್ಲು: ಟಪ್. ಕಾನ್ವೆಂಟಿನಲ್ಲಿ ಪಿಯಾನೋ ಕೇಳಿ ಬೆಳೆದ ನನಗೆ ಹಂದನಕೆರೆ ಕಡೆಯ ಸಂಸಾರ ಕೊಟ್ಟ ಮ್ಯೂಸಿಕ್ ಇದು.

ನಮ್ಮದು ಸ್ಪೋರ್ಟ್ಸ್ ಫ್ಯಾಮಿಲಿ. ಯಜಮಾನರದು ಕಬಡ್ಡಿ, ಮಗನದು ವಾಲಿಬಾಲ್, ಸೊಸೆಯದು ಖೋ ಖೋ. ನಾನೊಬ್ಬಳೇ ಆಡಿಯೆನ್ಸ್. ಮೊಮ್ಮಗಳು ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು ಅದನ್ನು ಬಿಡದೆ, ಜಿಲ್ಲಾ ಮಟ್ಟದಲ್ಲಿ ಗೆದ್ದು ಕಪ್ ತಂದಾಗ ಮನೆಯಲ್ಲಿ ಸೂತಕದ ಕಳೆ.

"ಓಡಂಗಿಲ್ಲ, ಹಾರಂಗಿಲ್ಲ, ಉಸ್ರು ಬಿಗಿಹಿಡ್ಕಂಡು ನಿಂತ್ಕಳದು. ಬೆವ್ರು ಬರ್ದಿದ್ಮೇಲೆ ಅದೆಂಥಾ ಆಟ ಕಣೇ?" ಎಂದು ಯಜಮಾನರು ನನ್ನನ್ನು ಕೇಳಿದರು, ನಾನೇ ಕಲಿಸಿಕೊಟ್ಟ ಹಾಗೆ.

"ತಾತ, ಒಂದ್ಸಲ ಅಲ್ಲಾಡ್ದಂಗೆ ನಿಂತ್ಕ ನೋಡಾಣ," ಎಂದಳು ಮೊಮ್ಮಗಳು.

ತಾತ ಎದೆಯುಬ್ಬಿಸಿ ನಿಂತರು. ಸ್ವಲ್ಪ ಹೊತ್ತಿಗೇ ಮೂಗು ಕೆರೆದುಕೊಂಡರು.

ರಾಜ್ಯ ತಂಡದ ಸೆಲೆಕ್ಷನ್ ಹತ್ತಿರ ಬಂತು. ಅದಕ್ಕಾಗಿ ಅವಳು ಕೆಲಸಕ್ಕೂ ಸೇರದೆ ಪ್ರಾಕ್ಟೀಸ್ ಮಾಡಿದ್ದಳು. ಹೊರಡುವ ವಾರ ಅವಳ ಶೂಟಿಂಗ್ ಜಾಕೆಟ್ಟು, ದಪ್ಪ ಕ್ಯಾನ್ವಾಸಿನದು, ಮಳೆಯಲ್ಲಿ ತೊಯ್ದುಹೋಯಿತು. ಈ ಸೀಮೆಯಲ್ಲಿ ಒಣಗಬೇಕಾದದ್ದೆಲ್ಲ ಅಟ್ಟಕ್ಕೇ. ಯಜಮಾನರು ಬಹಳ ಪ್ರೀತಿಯಿಂದ ಅದನ್ನು ಕಾಯಿಗಳ ಪಕ್ಕ ನೇತುಹಾಕಿ, ಕೆಳಗೆ ತೆಂಗಿನ ಮಟ್ಟೆಯ ಹೊಗೆಯನ್ನೂ ಹಾಕಿದರು.

ಸೆಲೆಕ್ಷನ್ನಿಗೆ ನಾವೆಲ್ಲ ಅವಳ ಜೊತೆ ಹೋದೆವು. ಬೆಂಗಳೂರಿನ ಶೂಟಿಂಗ್ ರೇಂಜಿನಲ್ಲಿ ಜಾಕೆಟ್ಟನ್ನು ಒಂದು ಮೆಷಿನ್ನಿನಲ್ಲಿ ಒತ್ತಿ ನೋಡುತ್ತಾರೆ. ಬಟ್ಟೆ ತೀರಾ ಗಡುಸಾಗಿದ್ದರೆ ಅದೇ ಮೈಯನ್ನು ಹಿಡಿದು ನಿಲ್ಲಿಸಿಬಿಡುತ್ತದೆ, ಅದು ಮೋಸ ಎಂದು ರೂಲ್ಸ್. ನಮ್ಮ ಜಾಕೆಟ್ಟು ಹಲಗೆಯಾಗಿತ್ತು.

"ಟೂ ಸ್ಟಿಫ್," ಎಂದರು ಅಧಿಕಾರಿ. "ಮೆತ್ತಗೆ ಮಾಡ್ಕೊಂಡು ಬನ್ನಿ. ಇನ್ನೊಂದೇ ಚಾನ್ಸು."

ಹುಡುಗಿ ಜಾಕೆಟ್ಟನ್ನು ಮೂಸಿ ನೋಡಿದಳು. "ಇದುಕ್ಕೆ ಹೊಗೆ ಹಾಕ್ದೋರ್ಯಾರು?"

"ನಾನೇ ಕಣವ್ವ. ಕೊಡಿಲ್ಲಿ," ಎಂದರು ಯಜಮಾನರು.

ಅವಳು ಅಪ್ಪನ ಹಾಗೆ ಎತ್ತರದ ಆಳು. ಇವರೋ ವಯಸ್ಸಾಗಿ ಇಳಿದುಹೋಗಿದ್ದರು, ಸಲೀಸಾಗಿ ಜಾಕೆಟ್ಟಿನೊಳಗೆ ಇಳಿದರು. ಪಾರ್ಕಿಂಗಿನಲ್ಲಿ ದಂಡ ಹೊಡೆದರು, ಬಸ್ಕಿ ತೆಗೆದರು. ಆಮೇಲೆ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು "ಕಬಡ್ಡಿ ಕಬಡ್ಡಿ" ಎಂದು ನುಗ್ಗಿದರು. ಮಗ ಸೊಂಟ ಹಿಡಿದು ಕೆಡವಿದ. ಮತ್ತೆ ಎದ್ದರು.

ವಾಚ್‌ಮನ್ ನನ್ನ ಹತ್ತಿರ ಬಂದ. "ಅಮ್ಮಾ, ಯಜಮಾನ್ರಿಗೆ ಏನಾಗೈತೆ?"

"ವಾರ್ಮ್ ಅಪ್," ಎಂದೆ, ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಗತ್ತಿನಲ್ಲಿ.

ಬೆವರಲ್ಲಿ ತೊಯ್ದು, ಮಡಿಕೆ ಬಿದ್ದು ಜಾಕೆಟ್ಟು ಮಣಿಯಿತು. ಮೆಷಿನ್ನೂ ಒಪ್ಪಿತು. ಅವಳು ತಂಡಕ್ಕೆ ಆಯ್ಕೆಯಾದಳು.

"ತಾತನ್ ವಾಸ್ನೆಗೆ ಉಸ್ರು ಹಿಡಿಯದು ಈಸಿ ಆಯ್ತು ಅಜ್ಜಿ," ಎಂದಳು.

"ನೋಡ್ದಾ, ಕೊನೆಗೂ ಬೆವ್ರೇ ಬೇಕಾಯ್ತು," ಎಂದರು ಅವರು.

ಅಲ್ಲಿಂದ ಅದು ಅವರ ಡ್ಯೂಟಿಯಾಯಿತು. ಪ್ರತಿ ಮ್ಯಾಚಿಗೂ, ಮತ್ತೆ ಗಡುಸಾದೀತೆಂದು, ಜಾಕೆಟ್ಟನ್ನು ಬ್ಯಾಗಿನಲ್ಲಿ ಇಡಗೊಡದೆ ತಾವೇ ತೊಟ್ಟು ಅವಳ ಜೊತೆ ಹೊರಡುತ್ತಿದ್ದರು. ಕಳೆದ ಬೇಸಿಗೆಯಲ್ಲೂ ಹಾಗೇ ಹೋದವರು, ಅವಳು ಮೆಡಲ್ ಗೆದ್ದದ್ದನ್ನು ನೋಡಿ, ಬರುವ ದಾರಿಯಲ್ಲಿ ಬಸ್ಸಿನಲ್ಲೇ ಅವಳ ಹೆಗಲಿಗೆ ತಲೆ ಕೊಟ್ಟು ನಿದ್ದೆಯಲ್ಲಿ ಹೋಗಿಬಿಟ್ಟರು.

ನಾನು ಅವರನ್ನು ಕಡೆಯ ಸಲ ಕಣ್ತುಂಬ ನೋಡಿದ್ದು ನಮ್ಮೂರ ಬಸ್ ಸ್ಟಾಪಿನಲ್ಲಿ. ಸುಡುಬಿಸಿಲು, ಕತ್ತಿನವರೆಗೂ ಗುಂಡಿ ಹಾಕಿದ ಜಾಕೆಟ್ಟು.

"ಏನಜ್ಜ, ಚಳಿನಾ?" ಎಂದ ಕಂಡಕ್ಟರ್.

"ಡ್ಯೂಟಿ ಕಣಪ್ಪ," ಎಂದು ಹತ್ತಿ, ಕಂಬಿ ಹಿಡಿದು ನನ್ನ ಕಡೆ ತಿರುಗಿ ನಿಂತರು. "ಒಳೀಕೆ ಹೋಗೇ, ಬಿಸ್ಲು."

ಬಸ್ಸು ಜಗ್ಗಿ ಹೊರಟಿತು. ಜಾಕೆಟ್ಟು ನೆಟ್ಟಗೆ ನಿಂತೇ ಇತ್ತು. ಅದರೊಳಗೆ ಅವರು ಮಾತ್ರ, ಚಿಪ್ಪು ಬಿಟ್ಟ ಕೊಬ್ಬರಿಯ ಹಾಗೆ, ಆ ಕಡೆ ಈ ಕಡೆ ಓಲಾಡಿದರು.